ಕೌಲಿನಲ್ಲಿ ಬರೆದ ಪಾಠಶಾಲೆ

ಕೆನಡಾ ದೇಶದ ಪಶ್ಚಿಮದ ಬಯಲುಗಳಲ್ಲಿ, ಉತ್ತರ ಸಸ್ಕಾಚೆವಾನ್ ನದಿಯ ಇಕ್ಕೆಲಗಳಲ್ಲಿಯೂ ಅದರಾಚೆಯ ಅರಣ್ಯಸೀಮೆಯಲ್ಲಿಯೂ ತಲೆತಲಾಂತರದಿಂದ ನೆಲೆಸಿರುವ ಕ್ರೀ ಜನರ ವಿದ್ಯಾಭ್ಯಾಸದ ವಿಷಯವಾಗಿ ಮಾತನಾಡಿದ ಅಧಿಕಾರಿಗಳೂ ಪಾದ್ರಿಗಳೂ, ಆ ಜನ ಪಾಠಶಾಲೆಯನ್ನೇ ಒಲ್ಲದವರೆಂದೂ, ಬೇಟೆಯಾಡುತ್ತ ಬಿಡಾರದಿಂದ ಬಿಡಾರಕ್ಕೆ ಸಾಗುವವರಿಗೆ ಅಕ್ಷರದ ಹಂಬಲ ಎಲ್ಲಿಂದ ಬರಬೇಕೆಂದೂ, ಆದಕಾರಣ ಅವರ ಮಕ್ಕಳಿಗೆ ವಿದ್ಯೆಯನ್ನು ಬಲಾತ್ಕಾರದಿಂದಲೇ ಕೊಡಬೇಕಾಯಿತೆಂದೂ ಬಹುಕಾಲ ಹೇಳಿಕೊಂಡು ಬಂದರು. ಈ ಮಾತು ಎಷ್ಟು ಸಲ ಉಚ್ಚರಿತವಾಯಿತೆಂದರೆ, ಕಡೆಗೆ ಅದು ವಿಚಾರಣೆಯೇ ಬೇಡವಾದ ಸತ್ಯದಂತೆ ಸರಕಾರದ ಕಡತಗಳಲ್ಲಿ ನೆಲೆಗೊಂಡಿತು. ಆದರೆ ಅದೇ ಸರಕಾರದ ಕಡತಗಳಲ್ಲಿ, ಇನ್ನೂ ಹಿಂದಿನ ಪುಟಗಳಲ್ಲಿ, ಬೇರೊಂದು ಸಂಗತಿ ಬರೆದಿದೆ: ಕ್ರೀ ನಾಯಕರು ತಮ್ಮ ನೆಲದ ವಿಷಯದಲ್ಲಿ ರಾಣಿ ವಿಕ್ಟೋರಿಯಾಳ ಪ್ರತಿನಿಧಿಗಳೊಡನೆ ಕೌಲು ಮಾಡಿಕೊಂಡಾಗ, ಪ್ರತಿಯಾಗಿ ಕೇಳಿದವುಗಳಲ್ಲಿ ಉಪಾಧ್ಯಾಯರೂ ಸೇರಿದ್ದರು. ಕೇಳಿ ಪಡೆದ ಶಾಲೆ ಕೇಳಿದವರ ಕೈಗೆ ಬರಲು ಒಂದು ಶತಮಾನಕ್ಕೆ ಸಮೀಪವಾದ ಕಾಲ ಹಿಡಿಯಿತು. ಅದು ಬಂದದ್ದೂ ಒಬ್ಬೊಬ್ಬ ನಾಯಕನ ಪ್ರತ್ಯೇಕ ಪ್ರಯತ್ನದಿಂದಲ್ಲ, ಹಲವು ಪಂಗಡಗಳವರು ಒಂದೆಡೆ ಕುಳಿತು ಒಂದೇ ಮಾತನ್ನು ಆಡಿದ್ದರಿಂದ.

ಮೊದಲು ಅಕ್ಷರದ ಮಾತು. ವಿನಿಪೆಗ್ ಸರೋವರದ ಉತ್ತರಕ್ಕಿರುವ ನಾರ್ವೇ ಹೌಸ್ ಎಂಬ ವ್ಯಾಪಾರಸ್ಥಳದಲ್ಲಿ, 1840ರ ಹೊತ್ತಿಗೆ, ಜೇಮ್ಸ್ ಎವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಕ್ರೀ ಭಾಷೆಗೆ ಒಂದು ಲಿಪಿಯನ್ನು ರೂಪಿಸಿದನೆಂಬುದು ಮುದ್ರಿತ ಚರಿತ್ರೆ. ಅದನ್ನು ಪರಲೋಕದಿಂದ ತಂದುಕೊಟ್ಟವನು ಮಿಸ್ತನಾಸ್ಕೋವೇವ್ ಎಂಬ ತಮ್ಮವನೇ ಎಂಬುದು ಕ್ರೀ ವೃದ್ಧರ ಪರಂಪರೆ. ಆ ಲಿಪಿಯ ರಚನೆ ಕನ್ನಡದ ಕಾಗುಣಿತವನ್ನು ಬಲ್ಲವರಿಗೆ ತಟಕ್ಕನೆ ಆಪ್ತವಾಗುವಂಥದು. ವ್ಯಂಜನಕ್ಕೊಂದು ಆಕೃತಿ, ಸ್ವರ ಬದಲಾದಂತೆ ಆ ಆಕೃತಿ ತಿರುಗುತ್ತದೆ. ಎರಡು ಗೆರೆ ಸೇರಿದ ಒಂದು ಕೋನವನ್ನು ತೆಗೆದುಕೊಳ್ಳೋಣ: ಅದರ ಮೊನೆ ಮೇಲಕ್ಕಿದ್ದರೆ ಪಿ, ಕೆಳಕ್ಕಿದ್ದರೆ ಪೇ, ಬಲಕ್ಕೆ ಚಾಚಿದರೆ ಪೋ, ಎಡಕ್ಕೆ ಚಾಚಿದರೆ ಪ. ಬ್ರಿಟನ್ನಿನ ಶೀಘ್ರಲಿಪಿಯ ಜತೆಗೆ ನಮ್ಮ ದೇವನಾಗರಿಯ ಪ್ರಭಾವವೂ ಇದರಲ್ಲಿ ಉಂಟೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಎವಾನ್ಸನಿಗೆ ಮುದ್ರಣಯಂತ್ರ ದೊರೆಯದಾಗಿ, ಚಹಾಪೆಟ್ಟಿಗೆಗಳ ಒಳಗೆ ಹೊದಿಸಿದ್ದ ಸೀಸವನ್ನು ಕರಗಿಸಿ ಅಚ್ಚುಮೊಳೆಗಳನ್ನು ಎರಕ ಹೊಯ್ದು, ಕಾಡಿಗೆಯನ್ನು ಮೀನೆಣ್ಣೆಯಲ್ಲಿ ಕಲಸಿ ಮಸಿ ಮಾಡಿ, ತುಪ್ಪುಳದ ಚರ್ಮಗಳನ್ನು ಒತ್ತಿ ಕಟ್ಟುವ ಯಂತ್ರವನ್ನೇ ಮುದ್ರಣಕ್ಕೆ ಹೊಂದಿಸಿ, ಭೂರ್ಜವೃಕ್ಷದ ತೊಗಟೆಯ ಮೇಲೆ ಮೊದಲ ಹಾಳೆಗಳನ್ನು ಒತ್ತಿದನು. ನಮ್ಮ ಪೂರ್ವಿಕರೂ ಹಿಮಾಲಯದ ತಪ್ಪಲಿನಲ್ಲಿ ಅದೇ ಜಾತಿಯ ಮರದ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದಿಟ್ಟರೆಂಬುದು ಇಲ್ಲಿ ನೆನಪಿಗೆ ಬಾರದಿರದು.

ಆದರೆ ಮುಖ್ಯವಾದ ಸಂಗತಿ ಲಿಪಿಯ ಜನ್ಮವಲ್ಲ, ಅದರ ಪ್ರಸಾರ. ಪಾದ್ರಿಯ ಕಾಲು ತುಳಿಯದ ಬಿಡಾರಗಳಿಗೆ ಆ ಅಕ್ಷರಗಳು ಅವನಿಗಿಂತ ಮುಂಚೆಯೇ ಹೋಗಿ ಮುಟ್ಟಿದವು. ದೋಣಿಗಳಲ್ಲಿ ಸಾಗುವ ಬೇಟೆಗಾರರು ಮತ್ತೊಬ್ಬ ಬೇಟೆಗಾರನಿಗೆ, ತಾಯಿ ಮಗಳಿಗೆ, ಒಲೆಯ ಬೂದಿಯ ಮೇಲೋ ಮರದ ತೊಗಟೆಯ ಮೇಲೋ ಇದ್ದಲಿನಿಂದ ಬರೆದು ತೋರಿಸಿ ಕಲಿಸಿದರು. ಕಟ್ಟಡವಿಲ್ಲದೆ, ವೇತನವಿಲ್ಲದೆ, ಬೆತ್ತವಿಲ್ಲದೆ ಒಂದು ಜನಾಂಗ ಒಂದೆರಡು ತಲೆಮಾರಿನೊಳಗೆ ತನ್ನ ಭಾಷೆಯಲ್ಲಿ ಓದುಬರೆಹವನ್ನು ಸಾಧಿಸಿಕೊಂಡಿತು. ಇಂಥವರನ್ನು ಅಕ್ಷರದ್ವೇಷಿಗಳೆಂದವರ ಧೈರ್ಯವನ್ನು ಏನೆನ್ನಬೇಕೋ ತಿಳಿಯದು.

1870ರ ಸಿಡುಬು ಆ ಬಯಲುಗಳಲ್ಲಿ ಬಿಡಾರಗಟ್ಟಲೆ ಜನರನ್ನು ಕೊಂಡೊಯ್ದಿತು. ಅನ್ನವೂ ವಸ್ತ್ರವೂ ವಸತಿಯೂ ಆಗಿದ್ದ ಬೈಸನ್ ಹಿಂಡುಗಳು ವರ್ಷವರ್ಷಕ್ಕೆ ಕ್ಷೀಣಿಸಿ, ಮುಂದಿನ ದಶಕ ಮುಗಿಯುವುದರೊಳಗೆ ಕಣ್ಮರೆಯಾಗುವುದರಲ್ಲಿದ್ದವು. ಬೇಟೆಯ ಬಾಳು ಮುಗಿಯುತ್ತಿದೆಯೆಂಬುದನ್ನು ಎಲ್ಲರಿಗಿಂತ ಮೊದಲು ಗ್ರಹಿಸಿದವರು ಆ ಜನರ ನಾಯಕರೇ. ಅತಾಹ್ಕಕೂಪ್ ಎಂಬ ನಾಯಕ, ತನ್ನ ಜನರ ಕೌಲು ಇನ್ನೂ ಆಗದಿದ್ದ 1874ರಲ್ಲಿಯೇ, ಜಾನ್ ಹೈನ್ಸ್ ಎಂಬ ಪಾದ್ರಿಯನ್ನು ತನ್ನ ಜನರ ನಡುವೆ ಬಂದು ನೆಲೆಸಿ ಮಕ್ಕಳಿಗೆ ಪಾಠ ಹೇಳಬೇಕೆಂದು ಕರೆದನು. ಎರಡು ವರ್ಷಗಳ ತರುವಾಯ, 1876ರ ಆಗಸ್ಟಿನಲ್ಲಿ ಫೋರ್ಟ್ ಕಾರ್ಲ್ಟನ್ನಿನಲ್ಲಿಯೂ ಸೆಪ್ಟೆಂಬರಿನಲ್ಲಿ ಫೋರ್ಟ್ ಪಿಟ್ಟಿನಲ್ಲಿಯೂ, ರಾಣಿ ವಿಕ್ಟೋರಿಯಾಳ ಪರವಾಗಿ ಬಂದ ಅಲೆಕ್ಸಾಂಡರ್ ಮಾರಿಸನೊಡನೆ ಆರನೆಯ ಕೌಲು ನಡೆಯಿತು. ಪವಿತ್ರವಾದ ಚಿಲುಮೆಯನ್ನು ಎತ್ತಿ ದಿಕ್ಕುಗಳಿಗೆ ತೋರಿಸಿ, ಆ ಸಾಕ್ಷಿಯಲ್ಲಿ ಮಾತು ಆರಂಭವಾಯಿತು. ಕಾರ್ಲ್ಟನ್ನಿನಲ್ಲಿ ಮಿಸ್ತವಾಸಿಸ್, ಅತಾಹ್ಕಕೂಪ್ ಮುಂತಾದ ನಾಯಕರು ಮಾರಿಸನ ಮಾತನ್ನು ಕೇಳಿದ ಕೂಡಲೆ ಒಪ್ಪಿ ಸಹಿ ಹಾಕಿದವರಲ್ಲ. ತಮ್ಮತಮ್ಮಲ್ಲಿ ಪ್ರತ್ಯೇಕವಾಗಿ ಸೇರಿ, ಭಿನ್ನಾಭಿಪ್ರಾಯಗಳನ್ನು ಆಲಿಸಿ, ಕಡೆಗೆ ಒಂದು ಬೇಡಿಕೆಯ ಪಟ್ಟಿಯನ್ನು ಒಟ್ಟಾಗಿ ಮುಂದಿಟ್ಟರು. ವ್ಯವಸಾಯದ ಉಪಕರಣಗಳು, ಎತ್ತು ಹಸುಗಳು, ಕ್ಷಾಮದಲ್ಲಿ ನೆರವು, ಔಷಧಿ. ಇವುಗಳ ಸಾಲಿನಲ್ಲಿ ಉಪಾಧ್ಯಾಯರು. ಕೌಲಿನಂತೆ ಅವರಿಗೆಂದು ಗುರುತಿಸಿದ ಮೀಸಲು ಸೀಮೆಯ ಜನ ಅಪೇಕ್ಷಿಸಿದಾಗ ಅಲ್ಲಿಯೇ ಶಾಲೆಯನ್ನು ನಡೆಸಿಕೊಡುವುದಾಗಿ ಕೌಲಿನ ಬರೆಹದಲ್ಲಿ ಸೇರಿತು. ಸರಕಾರಕ್ಕೆ ಯುಕ್ತವೆಂದು ತೋರಿದಲ್ಲಿ ಎಂಬ ಒಂದು ಉಪವಾಕ್ಯವೂ ಅದರೊಡನೆ ಸೇರಿತು. ಆ ಉಪವಾಕ್ಯದ ಸಂದಿಯಲ್ಲಿ ಮುಂದಿನ ಅನರ್ಥವೆಲ್ಲ ನುಸುಳಿ ಬಂದಿತು.

ಶಾಲೆ ಮೀಸಲು ಸೀಮೆಯಲ್ಲಿ, ತಂದೆತಾಯಂದಿರ ಕಣ್ಣೆದುರಿನಲ್ಲಿ ಇರಬೇಕೆಂಬುದು ಕೌಲಿನ ಮಾತು. ಆದರೆ 1883ರಿಂದ ಮುಂದಕ್ಕೆ ಸರಕಾರ ದ್ರವ್ಯವನ್ನು ಸುರಿದದ್ದು, ಮಕ್ಕಳನ್ನು ಮನೆಯಿಂದ ಬಿಡಿಸಿ ದೂರದಲ್ಲಿ ಕೂಡಿಹಾಕುವ ವಸತಿಶಾಲೆಗಳಿಗೆ. ಚರ್ಚುಗಳು ನಡೆಸುವುದು, ಸರಕಾರ ತಲೆಗಿಷ್ಟೆಂದು ಹಣ ಕೊಡುವುದು. ಅರ್ಧ ದಿನ ಪಾಠ, ಅರ್ಧ ದಿನ ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಮೆ. ಕ್ರೀ ಮಾತನ್ನಾಡಿದ ಬಾಲಕನಿಗೆ ದಂಡನೆ. ಮಕ್ಕಳಲ್ಲಿ ಕ್ಷಯರೋಗ ಹರಡಿ ಸಾವು ಸಂಭವಿಸುತ್ತಿರುವ ಪ್ರಮಾಣವನ್ನು ಮೂಲನಿವಾಸಿಗಳ ವ್ಯವಹಾರದ ಇಲಾಖೆಯ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಪೀಟರ್ ಬ್ರೈಸ್ 1907ರಲ್ಲಿಯೇ ವರದಿಮಾಡಿದನು. ಆ ವರದಿಯನ್ನು ಓದಿದ ಮೇಲೂ, 1920ರಲ್ಲಿ ಹಾಜರಾತಿಯನ್ನು ಕಾನೂನಿನಿಂದ ಕಡ್ಡಾಯಗೊಳಿಸಲಾಯಿತು. ದೇಶದಾದ್ಯಂತ ಒಂದು ಲಕ್ಷ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದ ಮಕ್ಕಳು ಈ ಶಾಲೆಗಳ ಬಾಗಿಲನ್ನು ಹೊಕ್ಕರೆಂದು 2015ರಲ್ಲಿ ತನ್ನ ಕಾರ್ಯವನ್ನು ಮುಗಿಸಿದ ಸತ್ಯಶೋಧನಾ ಮತ್ತು ಸಾಮರಸ್ಯ ಆಯೋಗ ತಿಳಿಸಿತು. ಆ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರಾದ ವಿಲ್ಟನ್ ಲಿಟಲ್‌ಚೈಲ್ಡ್ ಸ್ವತಃ ಕ್ರೀ ಜನಾಂಗದವರು, ಅಂಥ ಶಾಲೆಯಲ್ಲಿಯೇ ಬಾಲ್ಯವನ್ನು ಕಳೆದವರು. ಈ ಅಧ್ಯಾಯವನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ. ಅದನ್ನು ಅನುಭವಿಸಿದವರು ತಾವೇ ಆಯೋಗದ ಮುಂದೆ ನಿಂತು ಸಾಕ್ಷ್ಯ ನುಡಿದಿದ್ದಾರೆ. ಆ ಮಾತುಗಳಿಗೆ ಹೊರಗಿನವರ ವ್ಯಾಖ್ಯಾನ ಸಲ್ಲದು.

ಎರಡನೆಯ ಮಹಾಯುದ್ಧದ ತರುವಾಯ ಗಾಳಿ ಬದಲಾಯಿತು, ಆದರೆ ನೆಟ್ಟಗೆ ಬೀಸಲಿಲ್ಲ. ವಸತಿಶಾಲೆಗಳನ್ನು ಮುಚ್ಚುತ್ತ ಬಂದು, ಮೂಲನಿವಾಸಿ ಮಕ್ಕಳನ್ನು ಪಟ್ಟಣದ ಶಾಲೆಗಳಲ್ಲಿ ಬೆರೆಸಿಬಿಡುವುದೇ ಪ್ರಗತಿಯೆಂದು ಅಧಿಕಾರಿವರ್ಗ ನಿಶ್ಚಯಿಸಿತು. ಸರಕಾರವೇ ನೇಮಿಸಿದ ಹಾಥಾರ್ನ್ ಸಮಿತಿ 1967ರ ಹೊತ್ತಿಗೆ ಮುಗಿಸಿದ ತನ್ನ ವರದಿಯಲ್ಲಿ, ಮೊದಲನೆಯ ತರಗತಿಗೆ ಸೇರಿದ ಮೂಲನಿವಾಸಿ ಮಕ್ಕಳು ನೂರು ಮಂದಿಯಾದರೆ ಹನ್ನೆರಡನೆಯದನ್ನು ಮುಟ್ಟುವವರು ಹತ್ತು ಮಂದಿಯೂ ಇಲ್ಲವೆಂದು ತೋರಿಸಿತು. ಎರಡೇ ವರ್ಷಗಳ ಮೇಲೆ, ಕೌಲುಗಳನ್ನೂ ಮೂಲನಿವಾಸಿಗಳ ವಿಶೇಷ ಸ್ಥಾನವನ್ನೂ ರದ್ದುಪಡಿಸುವ ಸೂಚನೆಯುಳ್ಳ ಶ್ವೇತಪತ್ರವನ್ನು ಇಲಾಖೆಯ ಸಚಿವ ಝಾನ್ ಕ್ರೆತ್ಯಾಂ ಮಂಡಿಸಿದರು. ಅಲ್ಬರ್ಟಾ ಪ್ರಾಂತದ ನಾಯಕರು ಕೂಡಿ ಅದಕ್ಕೆ ಪ್ರತ್ಯುತ್ತರವಾಗಿ 1970ರ ಜೂನಿನಲ್ಲಿ ರಾಜಧಾನಿ ಒಟ್ಟಾವಕ್ಕೆ ಒಯ್ದ ಪತ್ರಕ್ಕೆ ಕೆಂಪು ಪತ್ರವೆಂದೇ ಹೆಸರಾಯಿತು. ಅವರ ಮುಂದಾಳು ಹೆರಾಲ್ಡ್ ಕಾರ್ಡಿನಲ್, ಸಕ್ಕರ್ ಕ್ರೀಕ್ ಎಂಬ ಕ್ರೀ ಪಂಗಡದ ತರುಣ. ಇಪ್ಪತ್ತಮೂರರ ವಯಸ್ಸಿನಲ್ಲಿ ಪ್ರಾಂತದ ಸಂಘಕ್ಕೆ ಅಧ್ಯಕ್ಷನಾದವನು.

ಆ ಪತ್ರವನ್ನು ಒಪ್ಪಿಸಿ ತಿಂಗಳೊಂದು ಕಳೆಯುತ್ತಲೇ, ಕಾಗದದ ಮೇಲಿನ ವಾದ ನೆಲಕ್ಕಿಳಿಯಿತು. ಅಲ್ಬರ್ಟಾದ ಸೇಂಟ್ ಪಾಲ್ ಎಂಬ ಪುಟ್ಟ ಪಟ್ಟಣದ ಹತ್ತಿರ, ಬಯಲಿನ ನಡುವೆ, ಬ್ಲೂ ಕ್ವಿಲ್ಸ್ ಎಂಬ ಇಟ್ಟಿಗೆಯ ಕಟ್ಟಡ 1931ರಿಂದ ನಿಂತಿತ್ತು. ರೋಮನ್ ಕ್ಯಾಥೊಲಿಕರ ವಸತಿಶಾಲೆ. ಅದಕ್ಕೂ ಮುಂಚೆ ಆ ಶಾಲೆ ಸ್ಯಾಡಲ್ ಲೇಕ್ ಮೀಸಲು ಸೀಮೆಯಲ್ಲಿತ್ತು. ಸುತ್ತಲಿನ ಸ್ಯಾಡಲ್ ಲೇಕ್, ಗುಡ್‌ಫಿಶ್ ಲೇಕ್, ಫ್ರಾಗ್ ಲೇಕ್, ಕೆಹೀವಿನ್, ಬೀವರ್ ಲೇಕ್ ಮೊದಲಾದ ಕ್ರೀ ಪಂಗಡಗಳ ಮಕ್ಕಳೂ, ಕೋಲ್ಡ್ ಲೇಕಿನ ಡೆನೆ ಜನರ ಮಕ್ಕಳೂ ಅಲ್ಲಿಗೆ ಹೋಗಿಬಂದವರು. ಈ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಸೇಂಟ್ ಪಾಲಿನ ಶಾಲೆಗಳಿಗೆ ಕಳುಹಿಸುವುದೆಂದು ಇಲಾಖೆ ತೀರ್ಮಾನಿಸಿತು. ಆ ಪಂಗಡಗಳವರನ್ನು ಕೇಳದೆಯೇ ತೆರೆದ ಶಾಲೆಯನ್ನು ಅವರನ್ನು ಕೇಳದೆಯೇ ಮುಚ್ಚುವುದೂ ಈಗ ನಡೆಯಬೇಕಾಗಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಕಟ್ಟಡದಲ್ಲಿ ಬಾಲ್ಯದ ಕಣ್ಣೀರನ್ನು ಸುರಿಸಿದವರು ಅದು ನೆಲಸಮವಾಗಲೆಂದು ಹಾರೈಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಅವರೇ, ಈಗ ತಂದೆತಾಯಿಗಳಾಗಿ ಅಜ್ಜ ಅಜ್ಜಿಯರಾಗಿ, ಈ ಶಾಲೆ ಉಳಿಯಬೇಕು, ನಮ್ಮ ಕೈಯಲ್ಲಿ ಉಳಿಯಬೇಕು ಎಂದರು. ಸ್ಯಾಡಲ್ ಲೇಕಿನ ಸ್ಟಾನ್ಲಿ ರೆಡ್‌ಕ್ರೋ ಮೊದಲಾದವರ ಮುಂದಾಳುತನದಲ್ಲಿ ಪಂಗಡಗಳು ಕೂಡಿ ಒಂದು ಶಿಕ್ಷಣ ಮಂಡಲಿಯನ್ನು ರಚಿಸಿಕೊಂಡವು. ಅರ್ಜಿಗಳು ಹೋದವು, ಮಾತುಕತೆಗಳು ನಡೆದವು, ಫಲ ಕಾಣಲಿಲ್ಲ. 1970ರ ಜುಲೈ 14ರಂದು ಜನ ಬಂದು ಶಾಲೆಯೊಳಗೆ ಕುಳಿತುಬಿಟ್ಟರು.

ಆ ಬೇಸಗೆಯಲ್ಲಿ ಬ್ಲೂ ಕ್ವಿಲ್ಸಿನ ಹುಲ್ಲುಗಾವಲು ಒಂದು ದೊಡ್ಡ ಬಿಡಾರವಾಗಿ ಪರಿಣಮಿಸಿತು. ಡೇರೆಗಳೂ ಟೀಪಿಗಳೂ ಎದ್ದವು. ಬಯಲಿನಲ್ಲಿ ಒಲೆ ಹೂಡಿ ಅಡುಗೆ ನಡೆಯಿತು. ಕುಟುಂಬಗಳು ಸರದಿಯ ಮೇಲೆ ಬಂದು, ಹೋಗಿ, ಮತ್ತೆ ಬಂದವು. ಮಕ್ಕಳು ಆಟವಾಡುತ್ತ, ವೃದ್ಧರು ಪ್ರಾರ್ಥಿಸುತ್ತ, ನಡುವಯಸ್ಸಿನವರು ಅಧಿಕಾರಿಗಳೊಡನೆ ವಾದಿಸುತ್ತ, ಒಟ್ಟಿನಲ್ಲಿ ಸಾವಿರಕ್ಕೂ ಮಿಕ್ಕಿ ಜನ ಬೇರೆಬೇರೆ ದಿನಗಳಲ್ಲಿ ಅದರಲ್ಲಿ ಪಾಲುಗೊಂಡರು. ಒಂದು ಕಲ್ಲು ಬೀಳಲಿಲ್ಲ, ಒಂದು ಗಾಜು ಒಡೆಯಬೇಕೆಂಬ ಉದ್ದೇಶವೂ ಯಾರಿಗೂ ಇರಲಿಲ್ಲ. ತಮ್ಮದಾಗಬೇಕಾದ ಕಟ್ಟಡವನ್ನು ಕೆಡಿಸುವವರಾರು? ಕಡೆಗೆ ನಿಯೋಗವೊಂದು ಒಟ್ಟಾವಕ್ಕೆ ಹೋಗಿ ಸಚಿವರೊಡನೆ ಕುಳಿತಿತು. ಜುಲೈ 31ರಂದು, ಕುಳಿತು ಹದಿನೇಳು ದಿನಗಳಾದ ಮೇಲೆ, ಶಾಲೆಯ ಆಡಳಿತವನ್ನು ಮಂಡಲಿಗೆ ಒಪ್ಪಿಸಲು ಕ್ರೆತ್ಯಾಂ ಸಮ್ಮತಿಸಿದರು. ಮರುವರ್ಷ ಮಂಡಲಿ ಆಡಳಿತವನ್ನು ವಹಿಸಿಕೊಂಡಿತು. ಕೆನಡಾದಲ್ಲಿ ಮೂಲನಿವಾಸಿಗಳ ಆಡಳಿತಕ್ಕೆ ಬಂದ ಮೊದಲ ವಸತಿಶಾಲೆ ಅದು. ಆರನೆಯ ಕೌಲಿಗೆ ಆಗ ತೊಂಬತ್ತೈದು ವರ್ಷ.

ಈ ಹದಿನೇಳು ದಿನಗಳ ಬೆಲೆಯನ್ನು ಕಟ್ಟುವಾಗ ಇತಿಹಾಸಕಾರರು ಸಚಿವರ ಸಹಿಯನ್ನು ಎಣಿಸುವುದುಂಟು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮಂಡಲಿಯ ರಚನೆ. ಆ ಪಂಗಡಗಳು ಬೇರೆಬೇರೆ ಮೀಸಲು ಸೀಮೆಗಳವು. ಪ್ರತಿಯೊಂದಕ್ಕೂ ಅದರದೇ ನಾಯಕ, ಅದರದೇ ಸಭೆ, ಇಲಾಖೆಯೊಡನೆ ಅದರದೇ ವ್ಯವಹಾರ. ಕ್ರೀಗಳಿಗೂ ಡೆನೆಗಳಿಗೂ ಭಾಷೆಯೇ ಬೇರೆ. ಒಬ್ಬೊಬ್ಬರನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿ ಒಬ್ಬರ ಮಾತನ್ನು ಮತ್ತೊಬ್ಬರ ಮೇಲೆ ಹೂಡುವುದು ಇಲಾಖೆಗೆ ಎಂದಿನಿಂದಲೂ ಸುಲಭವಾಗಿದ್ದಿತು. ಅಂಥ ಸ್ಥಿತಿಯಲ್ಲಿ ಎಲ್ಲರೂ ಒಂದೇ ಮಂಡಲಿಗೆ ತಮ್ಮ ದನಿಯನ್ನು ಒಪ್ಪಿಸಿ, ಅದರ ತೀರ್ಮಾನಕ್ಕೆ ಬದ್ಧರಾಗಿ ನಿಂತದ್ದು ಸಾಮಾನ್ಯವಾದ ಸಂಗತಿಯಲ್ಲ. ಆ ಶಾಲೆ ಮುಂದೆ ಪ್ರೌಢ ತರಗತಿಗಳನ್ನು ತೆರೆಯಿತು, ಕಾಲೇಜಾಯಿತು, 2015ರಲ್ಲಿ ಡೆನೆ ಮತ್ತು ಕ್ರೀ ಎರಡು ಭಾಷೆಗಳಲ್ಲಿಯೂ ಹೆಸರನ್ನು ಧರಿಸಿದ ವಿಶ್ವವಿದ್ಯಾಲಯವಾಯಿತು. ಏಳು ಪಂಗಡಗಳು ಇಂದಿಗೂ ಅದರ ಒಡೆಯರು.

ಬ್ಲೂ ಕ್ವಿಲ್ಸಿನ ಸುದ್ದಿ ದೇಶವೆಲ್ಲ ಹರಡಿತು. 1972ರಲ್ಲಿ ರಾಷ್ಟ್ರಮಟ್ಟದ ಮೂಲನಿವಾಸಿ ಸಂಘ ತನ್ನ ಶಿಕ್ಷಣನೀತಿಯನ್ನು ಪ್ರಕಟಿಸಿ, ತಂದೆತಾಯಿಗಳ ಹೊಣೆ, ಸ್ಥಳೀಯ ಆಡಳಿತ ಎಂಬ ಎರಡು ತತ್ತ್ವಗಳನ್ನು ಸ್ಥಾಪಿಸಿತು. ಮರುವರ್ಷ ಸರಕಾರ ಅದನ್ನು ಒಪ್ಪಿತು. ಪೂರ್ವದ ಕ್ವಿಬೆಕ್ ಪ್ರಾಂತದಲ್ಲಿ, ಜೇಮ್ಸ್ ಕೊಲ್ಲಿಯ ಕ್ರೀಗಳು, ತಮ್ಮ ನದಿಗಳಿಗೆ ಅಡ್ಡಕಟ್ಟೆಗಳನ್ನು ಕಟ್ಟುವ ವಿದ್ಯುದ್ಯೋಜನೆಯನ್ನು ಪ್ರತಿಭಟಿಸುತ್ತಲೇ ಚದರಿದ ಗ್ರಾಮಗಳನ್ನು ಒಂದು ಮಹಾಸಭೆಯಾಗಿ ಕೂಡಿಸಿಕೊಂಡು, 1975ರ ಒಪ್ಪಂದದಲ್ಲಿ ಶಾಲೆಗಳ ಆಡಳಿತವನ್ನೂ ಬರೆಸಿಕೊಂಡರು. ಅದರ ಮೇರೆಗೆ 1978ರಲ್ಲಿ ಕ್ರೀ ಶಾಲಾಮಂಡಲಿ ಹುಟ್ಟಿತು. ಮಹಾಸಭೆಯ ಮೊದಲ ಮಹಾನಾಯಕ ಬಿಲ್ಲಿ ಡೈಮಂಡ್ ಮಂಡಲಿಯ ಅಧ್ಯಕ್ಷರೂ ಆದರು. ಆ ಮಂಡಲಿಯ ಕ್ಯಾಲೆಂಡರನ್ನು ನೋಡಿದರೆ, ವಸಂತದಲ್ಲಿ ಹೆಬ್ಬಾತುಗಳು ಉತ್ತರಕ್ಕೆ ಹಾರಿಬರುವ ಕಾಲಕ್ಕೆ ಸರಿಯಾಗಿ ಶಾಲೆಗಳಿಗೆ ರಜೆ. ಮಕ್ಕಳು ತಂದೆತಾಯಿಗಳೊಡನೆ ಕಾಡಿನ ಬಿಡಾರಗಳಿಗೆ ಹೋಗಿ, ಹಕ್ಕಿಯನ್ನು ಕರೆಯುವ ಕೂಗನ್ನು, ಹೊಡೆದದ್ದನ್ನು ಸೋಸಿ ಬೇಯಿಸುವುದನ್ನು, ಹಂಚಿಕೊಂಡು ಉಣ್ಣುವುದನ್ನು ಕಲಿತು ಬರುತ್ತಾರೆ. ಇಂಥ ದಿನಗಳಲ್ಲಿ ಮಕ್ಕಳು ಶಾಲೆ ತಪ್ಪಿಸಿದರೆಂದು ಹಿಂದೆ ಅಧಿಕಾರಿಗಳು ದೂರು ಬರೆಯುತ್ತಿದ್ದರು. ಈಗ ಅದು ಶಾಲೆಯ ವರ್ಷದೊಳಗಿನ ಭಾಗ.

ಆಡಳಿತ ಕೈಗೆ ಬಂದರೂ ದ್ರವ್ಯ ಬರಲಿಲ್ಲ. ಮೀಸಲು ಸೀಮೆಯ ಶಾಲೆಗಳಿಗೆ ಹಣ ಕೊಡುವುದು ಒಟ್ಟಾವದ ಸರಕಾರ, ಉಳಿದ ಶಾಲೆಗಳಿಗೆ ಪ್ರಾಂತಸರಕಾರ; ಈ ಭೇದದಲ್ಲಿ ಮೊದಲನೆಯವು ಸದಾ ಹಿಂದೆ ಬಿದ್ದವು. 1996ರಿಂದ ಆ ಹಣದ ಏರಿಕೆಗೆ ವರ್ಷಕ್ಕೆ ನೂರಕ್ಕೆ ಎರಡರ ಮಿತಿ ಬಿದ್ದು, ಮಕ್ಕಳ ಸಂಖ್ಯೆ ಅದಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೂ ಇಪ್ಪತ್ತು ವರ್ಷಗಳ ಪರ್ಯಂತ ಅದು ಉಳಿಯಿತು. ಸಣ್ಣ ಪಂಗಡವೊಂದು ತನ್ನದೊಂದೇ ಶಾಲೆಯನ್ನು ನಡೆಸುವಾಗ, ವಾಕ್ಕಿನ ತೊಂದರೆಯುಳ್ಳ ಮಗುವಿಗೆ ತಜ್ಞರನ್ನು ಎಲ್ಲಿಂದ ತರುವುದು, ಉಪಾಧ್ಯಾಯರ ತರಬೇತಿಯನ್ನು ಯಾರು ನೋಡಿಕೊಳ್ಳುವುದು, ಒಂದು ಮನೆಯವರು ಪಕ್ಕದ ಸೀಮೆಗೆ ಬಿಡಾರ ಬದಲಾಯಿಸಿದರೆ ಮಗು ಶಾಲೆಯಿಂದ ಶಾಲೆಗೆ ಹೋಗುವ ನಡುವೆ ಎಲ್ಲಿ ಕಳೆದುಹೋಯಿತೆಂದು ಯಾರು ವಿಚಾರಿಸುವುದು? ಸ್ವಾತಂತ್ರ್ಯ ದೊರೆತ ಮೇಲೆ ಎದುರಾಗುವ ಈ ಬಗೆಯ ಪ್ರಶ್ನೆಗಳಲ್ಲಿ ಶೌರ್ಯದ ಕಥೆಗೆ ಬೇಕಾದದ್ದೇನೂ ಇಲ್ಲ; ಆದರೆ ಮಕ್ಕಳು ಮುಂದೆ ಬರುವುದೋ ಹಿಂದೆ ಉಳಿಯುವುದೋ ನಿರ್ಧಾರವಾಗುವುದು ಇವುಗಳಲ್ಲಿಯೇ.

ಎಡ್ಮಂಟನ್ ನಗರದ ದಕ್ಷಿಣಕ್ಕೆ, ಮಸ್ಕ್ವಚೀಸ್ ಎಂಬಲ್ಲಿ, ಅರ್ಮಿನ್‌ಸ್ಕಿನ್, ಸ್ಯಾಮ್ಸನ್, ಲೂಯಿ ಬುಲ್, ಮಾಂಟಾನ ಎಂಬ ನಾಲ್ಕು ಕ್ರೀ ಪಂಗಡಗಳು ಒಂದಕ್ಕೊಂದು ಹೊಂದಿಕೊಂಡ ಸೀಮೆಗಳಲ್ಲಿ ವಾಸವಾಗಿವೆ. ರೈಲ್ವೆಯವರು ತಮ್ಮ ನಿಲ್ದಾಣಕ್ಕೆ ಡಚ್ ಚಿತ್ರಕಾರನೊಬ್ಬನ ಹೆಸರನ್ನಿಟ್ಟು ಹಾಬೆಮಾ ಎಂದು ಕರೆದಿದ್ದ ಈ ಸ್ಥಳ, 2014ರ ಮೊದಲ ದಿನದಿಂದ ತನ್ನ ಹಳೆಯ ಕ್ರೀ ಹೆಸರಿಗೆ ಮರಳಿತು. ಕೆನಡಾದ ಅತಿ ದೊಡ್ಡ ವಸತಿಶಾಲೆಗಳಲ್ಲಿ ಒಂದು ಇಲ್ಲಿ ಇದ್ದಿತು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸರು ಕ್ಷಮೆ ಕೇಳಲು ಬಂದದ್ದು ಇಲ್ಲಿಗೆ. ವಸತಿಶಾಲೆ ಹೋದ ತರುವಾಯ ನಾಲ್ಕು ಪಂಗಡಗಳೂ ತಮ್ಮತಮ್ಮ ಶಾಲೆಗಳನ್ನು ತಾವೇ ನಡೆಸಿಕೊಂಡಿದ್ದವು. ನಾಲ್ಕು ಆಡಳಿತಗಳು, ನಾಲ್ಕು ಲೆಕ್ಕಪತ್ರಗಳು, ಒಟ್ಟಾವದೊಡನೆ ನಾಲ್ಕು ವ್ಯವಹಾರಗಳು.

2014ರಲ್ಲಿ ಒಟ್ಟಾವದ ಸರಕಾರ ದೇಶಕ್ಕೆಲ್ಲ ಒಂದೇ ಶಿಕ್ಷಣ ಮಸೂದೆಯನ್ನು ತಂದಾಗ, ಆಡಳಿತವನ್ನು ಕೊಡುವ ಹೆಸರಿನಲ್ಲಿ ಸಚಿವರ ಅಧಿಕಾರವೇ ಹೆಚ್ಚಿತೆಂದು ಮೂಲನಿವಾಸಿ ನಾಯಕರು ಅದನ್ನು ತಿರಸ್ಕರಿಸಿದರು. ಮೇಲಿನಿಂದ ಬಂದ ಏಕತೆ ಬೇಡವಾದರೆ ಕೆಳಗಿನಿಂದ ಕಟ್ಟುವ ಏಕತೆ ಹೇಗಿರಬೇಕೆಂಬುದಕ್ಕೆ ಮಸ್ಕ್ವಚೀಸಿನ ನಾಲ್ವರು ನಾಯಕರೂ ಅವರ ಸಭೆಗಳೂ ತಾವೇ ಉತ್ತರ ಹುಡುಕಿದರು. ವೃದ್ಧರೊಡನೆಯೂ ತಂದೆತಾಯಿಗಳೊಡನೆಯೂ ಸಮಾಲೋಚನೆಗಳು ನಡೆದು, 2018ರಲ್ಲಿ ಒಟ್ಟಾವದೊಡನೆ ಒಪ್ಪಂದವಾಗಿ, ನಾಲ್ಕು ಆಡಳಿತಗಳನ್ನು ಒಂದುಗೂಡಿಸಿದ ಮಸ್ಕ್ವಚೀಸ್ ಶಿಕ್ಷಣ ಆಯೋಗ ಆ ವರ್ಷದ ಶಾಲಾರಂಭದಲ್ಲಿ ಹನ್ನೊಂದು ಶಾಲೆಗಳ ಭಾರವನ್ನು ಹೊತ್ತಿತು.

ಬ್ಲೂ ಕ್ವಿಲ್ಸಿನಲ್ಲಿ ಪಂಗಡಗಳು ಕೂಡಿದ್ದು ಸರಕಾರದ ಕೈಯಲ್ಲಿದ್ದುದನ್ನು ಪಡೆಯುವುದಕ್ಕೆ. ಮಸ್ಕ್ವಚೀಸಿನಲ್ಲಿ ಪ್ರತಿಯೊಂದು ಪಂಗಡವೂ ತನ್ನ ಕೈಯಲ್ಲಿ ಆಗಲೇ ಇದ್ದುದನ್ನು ಬಿಟ್ಟುಕೊಡಬೇಕಾಗಿತ್ತು. ತನ್ನ ಶಾಲೆಯ ನೇಮಕಗಳನ್ನು, ತನ್ನ ಹಣದ ಹತೋಟಿಯನ್ನು, ಇದು ನಮ್ಮದು ಎನ್ನುವ ಅಭಿಮಾನವನ್ನು. ಎರಡನೆಯದು ಹೆಚ್ಚು ಕಷ್ಟದ ತ್ಯಾಗವೆಂದು ನನ್ನ ಎಣಿಕೆ. ಅದರ ಪ್ರತಿಫಲವಾಗಿ ದೊರೆತದ್ದು ದೊಡ್ಡ ಪ್ರಮಾಣದಲ್ಲಿ ಮಾತ್ರ ಸಾಧ್ಯವಾಗುವ ಕೆಲಸಗಳು: ನಾಲ್ಕು ಸೀಮೆಗಳಿಗೂ ಒಂದೇ ಪಾಠಕ್ರಮ, ವಿಶೇಷ ನೆರವು ಬೇಕಾದ ಮಕ್ಕಳಿಗೆ ಹಂಚಿಕೊಂಡ ತಜ್ಞರು, ಕ್ರೀ ಭಾಷೆಯನ್ನು ಮೊದಲ ತರಗತಿಗಳಿಂದ ಮೇಲಕ್ಕೆ ಒಯ್ಯುವ ಏರ್ಪಾಡು. ಕ್ರೀ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲವರು ಇಂದು ಬಹುಮಟ್ಟಿಗೆ ಮುದುಕರು. ವಸತಿಶಾಲೆಯಲ್ಲಿ ಆ ಭಾಷೆಗಾಗಿ ಪೆಟ್ಟು ತಿಂದವರೂ ಅವರಲ್ಲಿದ್ದಾರೆ. ಅವರನ್ನು ತರಗತಿಗೆ ಕರೆತಂದು ಕೂರಿಸಿ, ಅವರ ನಾಲಗೆಯಲ್ಲಿರುವುದನ್ನು ಪಠ್ಯವಾಗಿಸುವ ಕೆಲಸಕ್ಕೆ ಕಾಲಾವಕಾಶ ಹೆಚ್ಚಾಗಿಲ್ಲವೆಂಬುದನ್ನು ಅಲ್ಲಿಯ ಉಪಾಧ್ಯಾಯರು ಬಲ್ಲರು. ಮಕ್ಕಳ ಹಾಜರಾತಿ, ಶಾಲಾ ವ್ಯಾಸಂಗ ಮುಗಿಸುವವರ ಸಂಖ್ಯೆ, ಉಪಾಧ್ಯಾಯರು ಒಂದೆರಡು ವರ್ಷಕ್ಕೇ ಬಿಟ್ಟುಹೋಗುವ ತೊಡಕು, ಇವುಗಳ ಚಿಂತೆ ತೀರಿಲ್ಲ. ಆದರೆ ಆ ಚಿಂತೆಯನ್ನು ಈಗ ನಾಲ್ಕು ಪಂಗಡಗಳ ಪ್ರತಿನಿಧಿಗಳು ಒಂದೇ ಕೋಣೆಯಲ್ಲಿ ಕುಳಿತು, ತಮ್ಮ ಮಕ್ಕಳ ಹೆಸರು ಹಿಡಿದು, ಚರ್ಚಿಸುತ್ತಾರೆ.